ಬಿಲ್ ಇಲ್ಲದ ಸಿಗರೇಟು, ಚಿತ್ರವಿಲ್ಲದ ಪ್ಯಾಕು: ಓದುಗರ ಪ್ರಶ್ನೆಗಳಿಗೆ ಬಲ್ಲವರ ಉತ್ತರ

ಸಿಗರೇಟು, ಗುಟ್ಕಾ, ವೇಪ್‌ಗಳ (ಇ-ಸಿಗರೇಟುಗಳ) ಕಳ್ಳ ವ್ಯಾಪಾರದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಅಂಗಡಿಯವರು, ಬೆಳೆಗಾರರು, ಉಪನ್ಯಾಸಕರು, ಪೊಲೀಸರು ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಸ್ ನಿಲ್ದಾಣದ ಪಕ್ಕ ನನ್ನ ಬೀಡಾ ಅಂಗಡಿ ಇದೆ. ಬೈಕಿನಲ್ಲಿ ಬರುವ ಹುಡುಗನೊಬ್ಬ ಫಾರಿನ್ ಸಿಗರೇಟು ಕೊಡುತ್ತೇನೆ ಅನ್ನುತ್ತಾನೆ. ಪ್ಯಾಕಿನ ಮೇಲೆ ಕ್ಯಾನ್ಸರ್ ಚಿತ್ರ ಇಲ್ಲ, ಲಾಭ ಮಾತ್ರ ದುಪ್ಪಟ್ಟು. 'ಎಲ್ಲರೂ ಇಟ್ಟಿದ್ದಾರೆ, ಏನೂ ಆಗಲ್ಲ ಅಣ್ಣಾ' ಅಂತಾನೆ. ಪ್ಯಾಕು ಸರಿಯಾದದ್ದೋ ಕಳ್ಳಮಾಲೋ ತಿಳಿಯುವುದು ಹೇಗೆ?
– ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ನೀವು ಹೇಳಿದ ಪ್ಯಾಕಿನ ಮಟ್ಟಿಗೆ ಸಂಶಯವೇ ಬೇಡ. ಭಾರತದಲ್ಲಿ ಮಾರುವ ಪ್ರತಿ ತಂಬಾಕು ಪ್ಯಾಕಿನ ಎರಡೂ ಮುಖದ ಮೇಲೆ ಶೇ 85ರಷ್ಟು ಜಾಗವನ್ನು ಎಚ್ಚರಿಕೆ ತುಂಬಿರಬೇಕು. ಅದರಲ್ಲಿ ಶೇ 60 ಚಿತ್ರ, ಶೇ 25 ಬರಹ. 2016ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. 2018ರ ಸೆಪ್ಟೆಂಬರ್‌ನಿಂದ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356 ಕೂಡ ಅಲ್ಲೇ ಇರಬೇಕು. ಚಿತ್ರ ಇಲ್ಲದ ಪ್ಯಾಕು ಯಾವ ದೇಶದ್ದಾದರೂ, ಎಷ್ಟೇ ಚೆಂದದ್ದಾದರೂ, ಇಲ್ಲಿ ಮಾರುವಂತಿಲ್ಲ.

ಕಷ್ಟ ಇರುವುದು ಚಿತ್ರ ಇರುವ ಪ್ಯಾಕುಗಳಲ್ಲಿ. ನಕಲಿ ಮಾಡುವವರೂ ಈಗ ಚಿತ್ರ ಹಾಕುತ್ತಾರೆ. ಹಾಗಾಗಿ ಪ್ಯಾಕನ್ನು ಕೈಯಲ್ಲಿ ತಿರುಗಿಸಿ ಅಂಚಿನ ಸಣ್ಣ ಅಕ್ಷರ ಓದಿ. ತಯಾರಕರ ಹೆಸರು ಮತ್ತು ವಿಳಾಸ, ಆಮದು ಮಾಲಾದರೆ ಭಾರತದಲ್ಲಿರುವ ಆಮದುದಾರರ ಹೆಸರು-ವಿಳಾಸ, ಎಷ್ಟು ಸಿಗರೇಟು, ಯಾವ ತಿಂಗಳು ಯಾವ ವರ್ಷದ ಮಾಲು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ರೂಪಾಯಿಯಲ್ಲಿ – ಇಷ್ಟೂ ಇರಬೇಕು. ಕಳ್ಳಸಾಗಣೆಯ ಮಾಲಿನಲ್ಲಿ ಸಾಮಾನ್ಯವಾಗಿ ಆಮದುದಾರರ ವಿಳಾಸವೂ ಎಂಆರ್‌ಪಿಯೂ ಇರುವುದಿಲ್ಲ. ಸುಂಕರಹಿತ ಮಳಿಗೆಗೆ ಮಾತ್ರ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದು ವಿಮಾನ ನಿಲ್ದಾಣದ ಮಳಿಗೆಯಿಂದಾಚೆ ಬರಲೇಬಾರದಿತ್ತು. ಸ್ಥಳೀಯ ಬ್ರ್ಯಾಂಡಿನ ನಕಲಿಯಾದರೆ, ನಿಮ್ಮ ಸ್ಟಾಕಿಸ್ಟ್‌ನಿಂದ ಬಂದ ಅದೇ ಬ್ರ್ಯಾಂಡಿನ ಪ್ಯಾಕನ್ನು ಪಕ್ಕದಲ್ಲಿಟ್ಟು ನೋಡಿ. ಚಿತ್ರದ ಅಂಚು ಮಸುಕಾಗಿರುತ್ತದೆ, ಅಕ್ಷರ ತಪ್ಪಿರುತ್ತದೆ, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೀಳುವ ಪಟ್ಟಿ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಹೊಸ ತಿಂಗಳ ತಾರೀಕು ಇದ್ದು ಚಿತ್ರ ಮಾತ್ರ ಹಳೆಯ ಸರದಿಯದಾಗಿದ್ದರೂ ಅನುಮಾನಿಸಿ. ಎಚ್ಚರಿಕೆಯ ಚಿತ್ರಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ, ನಕಲಿಯವರು ಅಚ್ಚಿನ ಫಲಕವನ್ನು ಅಷ್ಟು ಬೇಗ ಬದಲಿಸುವುದಿಲ್ಲ.

ಬೆಲೆಯ ಲೆಕ್ಕವೂ ಹೇಳಿಕೊಡುತ್ತದೆ. 2026ರ ಫೆಬ್ರುವರಿ 1ರಿಂದ ಸಿಗರೇಟಿನ ಮೇಲಿನ ಕೇಂದ್ರ ಅಬಕಾರಿ ಸುಂಕ ಉದ್ದಕ್ಕೆ ತಕ್ಕಂತೆ ಸಾವಿರಕ್ಕೆ ₹2,050ರಿಂದ ₹8,500. ಅತಿ ಕಡಿಮೆ ದರ ಹಿಡಿದರೂ 20 ಸಿಗರೇಟಿನ ಪ್ಯಾಕಿಗೆ ₹41 ಬರೀ ಅಬಕಾರಿಗೇ ಹೋಗುತ್ತದೆ. ಅದರ ಮೇಲೆ ಶೇ 40 ಜಿಎಸ್‌ಟಿ, ಆಮೇಲೆ ತಂಬಾಕಿನ ಸೊಪ್ಪು, ಕಾಗದ, ಫಿಲ್ಟರ್, ಸಾಗಣೆ, ಮೂರು ಕೈಗಳ ಲಾಭ. ಉದ್ದನೆಯ ಫಿಲ್ಟರ್ ಸಿಗರೇಟಿನ 20ರ ಪ್ಯಾಕು ನಿಮಗೆ ₹50–60ಕ್ಕೆ ಬಿದ್ದರೆ ತೆರಿಗೆ ಕಟ್ಟಿ ಆ ಬೆಲೆಗೆ ಕೊಡಲು ಯಾರಿಂದಲೂ ಆಗದು.

ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಎನ್ನುವುದಾದರೆ ಒಂದೇ ಮಾತು ಕೇಳಿ: 'ಬಿಲ್ ಕೊಡು.' ಸರಿಯಾದ ಬಿಲ್‌ನಲ್ಲಿ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಕರ್ನಾಟಕದ ವ್ಯಾಪಾರಿಯಾದರೆ ಅದು 29ರಿಂದ ಶುರುವಾಗುತ್ತದೆ, ಮುಂದಿನ ಹತ್ತು ಅವರ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎರಡೂ ತೋರಿಸುತ್ತದೆ. ಸಿಗರೇಟಿಗೆ ಎಚ್‌ಎಸ್‌ಎನ್ (ಸರಕು ಯಾವುದೆಂದು ಹೇಳುವ) ಸಂಖ್ಯೆ 2402ರಿಂದ ಆರಂಭ, ಜಗಿಯುವ ತಂಬಾಕಿಗೆ 2403. ಬಿಸ್ಕತ್ತಿನ ಸಂಖ್ಯೆ ಹಾಕಿ ಸಿಗರೇಟು ಕೊಟ್ಟರೆ ಆ ಬಿಲ್‌ನಿಂದ ನಿಮಗೆ ರಕ್ಷಣೆ ಇಲ್ಲ.

'ಏನೂ ಆಗಲ್ಲ' ಎನ್ನುವ ಹುಡುಗ ದಾಳಿಯ ದಿನ ಅಲ್ಲಿರುವುದಿಲ್ಲ. ಎಚ್ಚರಿಕೆ ಇಲ್ಲದ ಪ್ಯಾಕು ಮಾರಿದವರಿಗೆ 2003ರ ಕೋಟ್ಪಾ (ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ) ಕಾಯ್ದೆಯ 20ನೇ ಕಲಮಿನಡಿ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ₹1,000ದವರೆಗೆ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಜೊತೆಗೆ ₹3,000ದವರೆಗೆ ದಂಡ. ಕಳ್ಳಸಾಗಣೆಯ ಮಾಲು ಎಂದಾದರೆ ಕಸ್ಟಮ್ಸ್ ಕಾಯ್ದೆ ಬೇರೆ ಕೂಡಿಕೊಳ್ಳುತ್ತದೆ.

ಇನ್ನೊಂದು ಸಂಗತಿ. ಕಳ್ಳಮಾಲು ಹೆಚ್ಚಾಗಿ ಖರ್ಚಾಗುವುದು ಬಿಡಿಯಾಗಿ. ಒಂದೊಂದೇ ಕೊಟ್ಟರೆ ಗಿರಾಕಿಗೆ ಪ್ಯಾಕು ಕಾಣುವುದೇ ಇಲ್ಲ, ಚಿತ್ರವಿದೆಯೋ ಇಲ್ಲವೋ ಗೊತ್ತಾಗುವುದೂ ಇಲ್ಲ. 2025ರ ಮೇ ಕೊನೆಯಲ್ಲಿ ಜಾರಿಗೆ ಬಂದ, ಇದೇ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಬಿಡಿ ಸಿಗರೇಟು ಮಾರಾಟವನ್ನು ನಿಷೇಧಿಸಿದೆ, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ, ₹200 ಇದ್ದ ದಂಡವನ್ನು ₹1,000 ಮಾಡಿದೆ. ಬಿಡಿ ಮಾರಾಟ ನಿಂತರೆ ಕಳ್ಳಮಾಲಿಗೆ ಅಡಗಲು ಜಾಗವೇ ಕಡಿಮೆಯಾಗುತ್ತದೆ. ಈ ತಿದ್ದುಪಡಿಯಲ್ಲಿ ನಮಗೆ ಅತಿ ಮುಖ್ಯ ಎನಿಸುವುದು ಇದೇ ಭಾಗ, ಜಾರಿಯಲ್ಲಿ ಅತಿ ಸಡಿಲವಾಗಿರುವುದೂ ಇದೇ.

ಈಗಾಗಲೇ ಕೊಂಡ ಮಾಲು ಉಳಿದಿದ್ದರೆ ಮಾರಬೇಡಿ, ಪಕ್ಕದ ಅಂಗಡಿಗೂ ದಾಟಿಸಬೇಡಿ. ವರ್ತಕರ ಸಂಘದವರನ್ನೋ ವಕೀಲರನ್ನೋ ಜೊತೆಗೆ ಕರೆದುಕೊಂಡು ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಅಥವಾ ಠಾಣೆಗೆ ಲಿಖಿತವಾಗಿ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಹುಡುಗನ ಫೋನ್ ಸಂಖ್ಯೆ, ಯುಪಿಐ ಪಾವತಿಯ ದಾಖಲೆ ಅಳಿಸಬೇಡಿ. ಮೇಲಿನವರನ್ನು ಹಿಡಿಯಲು ಬೇಕಾದದ್ದು ಅದು.

ಪ್ರಶ್ನೆ: ನಮ್ಮ ತಂದೆಯ ಹೆಸರಲ್ಲಿ ತಂಬಾಕು ಕಾರ್ಡ್ (ಬೆಳೆಗಾರರ ನೋಂದಣಿ) ಇದೆ. ಹರಾಜಿಗೆ ಸರದಿ ಬರುವ ಮೊದಲೇ ದಲ್ಲಾಳಿ ಮನೆಗೆ ಬಂದು, ಬ್ಯಾರನ್‌ನಿಂದಲೇ (ಸೊಪ್ಪು ಹದಮಾಡುವ ಮನೆಯಿಂದಲೇ) ಎತ್ತುತ್ತೇನೆ, ರೊಕ್ಕ ಕೈಗೇ ಕೊಡುತ್ತೇನೆ ಅನ್ನುತ್ತಾನೆ. ಇದರಲ್ಲಿ ತಪ್ಪೇನು?
– ಬೆಳೆಗಾರರ ಮಗ, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: ಕಳ್ಳ ಸಿಗರೇಟಿನ ಮಾತು ಬಂದಾಗ ಎಲ್ಲರ ಕಣ್ಣು ಬಂದರಿನ ಕಡೆ ಹೋಗುತ್ತದೆ. ಆದರೆ ದೇಶದೊಳಗೆ ಗುಟ್ಟಾಗಿ ನಡೆಯುವ ತಯಾರಿಕೆಗೆ ಸೊಪ್ಪು ಬೇಕು, ಆ ಸೊಪ್ಪು ಬರುವುದು ಲೆಕ್ಕದಾಚೆಗೆ ಮಾರಾಟವಾದ ಬೆಳೆಯಿಂದ. ಆದ್ದರಿಂದ ನಿಮ್ಮ ಪ್ರಶ್ನೆ ಈ ವಿಷಯದ ಬುಡಕ್ಕೇ ಹೋಗುತ್ತದೆ.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ರಾಮನಾಥಪುರದ ಸುತ್ತ ಬೆಳೆಯುವುದು ಎಫ್‌ಸಿವಿ, ಅಂದರೆ ಬ್ಯಾರನ್‌ನಲ್ಲಿ ಬಿಸಿಗಾಳಿಯಿಂದ ಹದಮಾಡುವ ವರ್ಜೀನಿಯಾ ತಂಬಾಕು. 1975ರ ತಂಬಾಕು ಮಂಡಳಿ ಕಾಯ್ದೆಯ ಪ್ರಕಾರ ಇದನ್ನು ಬೆಳೆಯಲು ನೋಂದಣಿ, ಹದಮಾಡಲು ಬ್ಯಾರನ್ ಲೈಸೆನ್ಸ್ ಬೇಕು. ಮಂಡಳಿ ಹರಾಜು ಮಾರುಕಟ್ಟೆ ತೆರೆದಿರುವ ಕಡೆ ಮಾರಾಟ ಆ ಮಾರುಕಟ್ಟೆಯಲ್ಲೇ ಆಗಬೇಕು. ಅಲ್ಲಿ ಸೊಪ್ಪಿನ ಪ್ರತಿ ಬೇಲು, ಅಂದರೆ ಕಟ್ಟಿನ ಮೇಲೂ ಚೀಟಿ ಬೀಳುತ್ತದೆ, ತೂಕ ಮತ್ತು ದರ್ಜೆ ದಾಖಲಾಗುತ್ತವೆ, ಇ-ಹರಾಜಿನಲ್ಲಿ ಯಾವ ಕಂಪನಿ ಎಷ್ಟಕ್ಕೆ ಕೊಂಡಿತು ಎಂದು ಬರೆದಿರುತ್ತದೆ, ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಒಂದು ಬೇಲು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹಿಂದಕ್ಕೆ ಹೋಗಿ ನೋಡಬಹುದು. ದಲ್ಲಾಳಿ ಬ್ಯಾರನ್ ಬಾಗಿಲಿನಿಂದ ಎತ್ತಿದ ಕ್ಷಣ ಆ ಎಳೆ ಕಡಿದುಹೋಗುತ್ತದೆ. ಅಲ್ಲಿಂದಾಚೆಗೆ ಆ ಸೊಪ್ಪಿಗೆ ಹುಟ್ಟಿದೂರೇ ಇಲ್ಲ.

ನಿಮಗಾಗುವ ನಷ್ಟವೂ ಸಣ್ಣದಲ್ಲ. ತಕ್ಕಡಿ ಅವನದು, 'ಹಸಿ ಇದೆ' ಎಂದು ತೇವಕ್ಕೆ ಮುರಿದುಕೊಳ್ಳುವ ಕಿಲೋಗಳ ಲೆಕ್ಕ ಅವನದು, ದರ್ಜೆ ಕಟ್ಟುವವನೂ ಅವನೇ. ಮುಂಗಡ ಕೊಟ್ಟು ಉಳಿದದ್ದಕ್ಕೆ ತಿರುಗಾಡಿಸಿದರೆ ನಿಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ. ದೂರು ಕೊಡಲು ಹೋದರೆ ಹೊರಗೆ ಮಾರಿದ್ದನ್ನು ನೀವೇ ಒಪ್ಪಿಕೊಂಡ ಹಾಗೆ, ನೋಂದಣಿಗೆ ಕುತ್ತು. ಕಾರ್ಡಿನ ಮೇಲೆ ಮಾರುಕಟ್ಟೆಗೆ ಹೋದ ತೂಕ ಕಡಿಮೆಯಾದರೆ ಮುಂದಿನ ಹಂಗಾಮಿನಲ್ಲಿ ನಿಮ್ಮ ಬೆಳೆಯ ಲೆಕ್ಕವನ್ನೇ ಅನುಮಾನದಿಂದ ನೋಡುತ್ತಾರೆ.

ಕಾರ್ಡ್ ಇಲ್ಲದವರು ಕಾರ್ಡುದಾರರ ಹೆಸರಲ್ಲಿ ಬೇಲು ಇಳಿಸುವುದೂ ನಮ್ಮ ಭಾಗದಲ್ಲಿ ಉಂಟು. ಅದೂ ಸುಳ್ಳು ಲೆಕ್ಕವೇ. ಹೆಚ್ಚುವರಿ ಬೆಳೆ ಮತ್ತು ಕಾರ್ಡ್ ಇಲ್ಲದವರ ಬೆಳೆಯನ್ನು ದಂಡ ಹಾಕಿ ಅಥವಾ ದಂಡ ಮನ್ನಾ ಮಾಡಿ ಹರಾಜಿಗೆ ಬಿಡಲು ಕೇಂದ್ರ ಸರ್ಕಾರ ಕೆಲವು ವರ್ಷ ಅನುಮತಿ ಕೊಟ್ಟಿದೆ. ಆ ವರ್ಷದ ಆದೇಶ ಏನಿದೆ ಎಂದು ಹರಾಜು ಮಾರುಕಟ್ಟೆಯ ಅಧೀಕ್ಷಕರ ಕಚೇರಿಯಲ್ಲಿ ಕೇಳಿ. ದಂಡ ಕಟ್ಟಿಯಾದರೂ ಒಳಗೆ ಮಾರುವುದು ಹೊರಗೆ ಮಾರುವುದಕ್ಕಿಂತ ಮೇಲು. ಸರದಿ ತಡವಾಗುತ್ತದೆ ಎಂಬ ಅವಸರ ನಮಗೂ ಅರ್ಥವಾಗುತ್ತದೆ: ಸೌದೆ ಸಾಲ, ಕೂಲಿ ಸಾಲ ಕಾಯುವುದಿಲ್ಲ. ಬೇಲುಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ, ಹೊದಿಕೆ ಹಾಕಿ. ತೇವ ಕುಡಿದ ಸೊಪ್ಪಿಗೆ ಬೂಸ್ಟು ಹಿಡಿದು ದರ್ಜೆ ಇಳಿಯುತ್ತದೆ, ದಲ್ಲಾಳಿ ಕಾಯುವುದು ಆ ಭಯಕ್ಕೇ.

ಪ್ರಶ್ನೆ: ತೆರಿಗೆ ಏರಿಸಿದಷ್ಟೂ ಕಳ್ಳಮಾಲು ಹೆಚ್ಚುತ್ತದೆ, ಆದ್ದರಿಂದ ತೆರಿಗೆ ಇಳಿಸಬೇಕು ಎನ್ನುವ ವಾದ ಸರಿಯೇ? ಪ್ಯಾಕಿನ ಮೇಲೆ ಕೋಡ್ ಹಾಕಿ ಪತ್ತೆಹಚ್ಚುವ ವ್ಯವಸ್ಥೆ ಅಂದರೆ ಏನು?
– ಲೆಕ್ಕಪರಿಶೋಧನೆ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಅರ್ಧ ಮಾತ್ರ ಸರಿ. ತೆರಿಗೆ ಹೆಚ್ಚಿದ್ದರೆ ಕಳ್ಳರಿಗೆ ಲಾಭ ಹೆಚ್ಚು, ಅದು ನಿಜ. ಆದರೆ ಕಳ್ಳಮಾಲು ಎಷ್ಟು ಹರಡುತ್ತದೆ ಎಂಬುದನ್ನು ನಿರ್ಧರಿಸುವುದು ಬಂದರಿನ ತಪಾಸಣೆ, ಲೈಸೆನ್ಸ್, ಲಂಚ, ಶಿಕ್ಷೆಯ ಖಾತರಿ. ಬ್ರಿಟನ್ 2000ದಲ್ಲಿ ಕಳ್ಳಸಾಗಣೆಯ ವಿರುದ್ಧ ಯೋಜನೆ ಹಾಕಿಕೊಂಡು ಬಂದರುಗಳಿಗೆ ಎಕ್ಸ್-ರೇ ಸ್ಕ್ಯಾನರ್ ತಂದಿತು, ಸಿಬ್ಬಂದಿ ಹೆಚ್ಚಿಸಿತು, ಪ್ಯಾಕಿನ ಮೇಲೆ ತೆರಿಗೆ ಗುರುತು ಹಾಕಿಸಿತು. ತೆರಿಗೆಯನ್ನು ಇಳಿಸದೆಯೇ ಕಳ್ಳ ಸಿಗರೇಟಿನ ಪಾಲು ಇಳಿಯಿತು.

ಪಾಲು ಎಷ್ಟು ಎಂಬ ಅಂಕಿಯನ್ನೂ ಯಾರು ಹೇಳಿದರು ಎಂದು ನೋಡಿ ಓದಬೇಕು. ಭಾರತದಲ್ಲಿ ಮಾರುವ ಸಿಗರೇಟಿನಲ್ಲಿ ಸುಮಾರು ಕಾಲು ಭಾಗ ಅಕ್ರಮ ಎಂದು ಉದ್ಯಮದ ಸಂಘಗಳು ಹೇಳುತ್ತವೆ. ನಗರಗಳ ಅಂಗಡಿಗಳಿಂದ ಖಾಲಿ ಪ್ಯಾಕು ಸಂಗ್ರಹಿಸಿ ಒಂದೊಂದನ್ನೂ ಪರೀಕ್ಷಿಸಿದ, 2018ರಲ್ಲಿ ಪ್ರಕಟವಾದ ಸ್ವತಂತ್ರ ಅಧ್ಯಯನಕ್ಕೆ ಸಿಕ್ಕಿದ್ದು ಶೇ 3ಕ್ಕೂ ಕಡಿಮೆ. ಖಾಲಿ ಪ್ಯಾಕಿನ ವಿಧಾನಕ್ಕೂ ಮಿತಿ ಇದೆ, ಹಳ್ಳಿಗಳು ಬಿಟ್ಟುಹೋಗುತ್ತವೆ. ಆದರೂ ಇಷ್ಟೊಂದು ಅಂತರ ಇರುವಾಗ ದೊಡ್ಡ ಅಂಕಿಯನ್ನೇ ಹಿಡಿದು ತೆರಿಗೆ ನೀತಿ ಬರೆಯುವುದು ತಪ್ಪು.

ಇನ್ನು ಕೋಡ್. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ ಅಡಿಯಲ್ಲಿ ಕಳ್ಳ ವ್ಯಾಪಾರ ನಿರ್ಮೂಲನೆಗೆಂದೇ ಒಂದು ಪ್ರೋಟೋಕಾಲ್ (ಉಪ ಒಪ್ಪಂದ) ಇದೆ. 2012ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ ನಗರದಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 25ರಂದು ಜಾರಿಗೆ ಬಂತು. ಭಾರತ 2018ರ ಜೂನ್‌ನಲ್ಲೇ ಸೇರಿಕೊಂಡಿತು. ಅದರ 8ನೇ ವಿಧಿ ಹೇಳುವುದು ಇದು: ಪ್ರತಿ ಪ್ಯಾಕಿಗೂ ಬೇರೆ ಯಾವ ಪ್ಯಾಕಿಗೂ ಇಲ್ಲದ, ಕಿತ್ತು ತೆಗೆಯಲಾಗದ ಗುರುತು ಇರಬೇಕು. ಆ ಗುರುತಿನಿಂದ ತಯಾರಾದ ದಿನ, ಜಾಗ, ಯಂತ್ರ, ಪಾಳಿ, ಕಂಪನಿಗೆ ಸಂಬಂಧವಿಲ್ಲದ ಮೊದಲ ಖರೀದಿದಾರ, ಯಾವ ದೇಶದ ಮಾರುಕಟ್ಟೆಗೆ, ಯಾವ ಗೋದಾಮು, ಯಾವ ದಾರಿ ಎಂಬುದೆಲ್ಲ ತಿಳಿಯಬೇಕು.

ಕಾರ್ಖಾನೆಯಲ್ಲಿ ಇದು ನಡೆಯುವ ಬಗೆ ಹೀಗೆ. 20 ಸಿಗರೇಟಿನ ಪ್ಯಾಕಿಗೆ ಒಂದು ಕೋಡ್. ಹತ್ತು ಪ್ಯಾಕು ಸೇರಿ 200ರ ಕಾರ್ಟನ್, ಅದಕ್ಕೆ ಇನ್ನೊಂದು ಕೋಡ್. 50 ಕಾರ್ಟನ್ ಸೇರಿ 10,000 ಸಿಗರೇಟಿನ ದೊಡ್ಡ ಪೆಟ್ಟಿಗೆ, ಅದಕ್ಕೂ ಕೋಡ್. ಮೇಲಿನ ಕೋಡನ್ನು ಕೆಳಗಿನವುಗಳಿಗೆ ಗಂಟು ಹಾಕಿರುತ್ತಾರೆ, ಪೆಟ್ಟಿಗೆ ಬಿಚ್ಚದೆಯೇ ಒಳಗಿನ 500 ಪ್ಯಾಕುಗಳ ಜಾತಕ ಸಿಗುತ್ತದೆ. 40 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು ಒಂದು ಕೋಟಿ ಸಿಗರೇಟು ಹಿಡಿಯುತ್ತವೆ. ಅಷ್ಟು ಸಿಗರೇಟು ಇಲ್ಲೇ ತಯಾರಾಗಿದ್ದರೆ ಕನಿಷ್ಠ ದರದಲ್ಲೇ ₹2.05 ಕೋಟಿ ಅಬಕಾರಿ ಸುಂಕ ಬರಬೇಕಿತ್ತು. ಒಂದೇ ಕಂಟೇನರ್ ತಪ್ಪಿಸಿಕೊಂಡರೂ ನಷ್ಟ ಎಷ್ಟೆಂದು ನೀವೇ ಲೆಕ್ಕ ಹಾಕಿ.

ವ್ಯವಸ್ಥೆ ಕೆಡುವುದು ಎರಡು ಕಡೆ. ಗಂಟು ಹಾಕುವ ಹಂತದಲ್ಲಿ ಹರಿದ ಪ್ಯಾಕುಗಳನ್ನು ಲೆಕ್ಕದಿಂದ ತೆಗೆಯದಿದ್ದರೆ ಕೋಡು ಉಳಿದು ಮಾಲು ಇರುವುದಿಲ್ಲ, ಆ ಉಳಿದ ಕೋಡುಗಳು ನಕಲಿಯವರ ಕೈಗೆ ಹೋಗುತ್ತವೆ. ಎರಡನೆಯದು ಹೆಚ್ಚು ಗಂಭೀರ: ಕೋಡ್ ಕೊಡುವ ಯಂತ್ರವನ್ನೂ ದತ್ತಾಂಶವನ್ನೂ ತಂಬಾಕು ಕಂಪನಿಯೇ ನೋಡಿಕೊಂಡರೆ ಕಾವಲಿಗೆ ಅರ್ಥವಿಲ್ಲ. ಪ್ರೋಟೋಕಾಲ್ ಈ ಹೊಣೆಯನ್ನು ಉದ್ಯಮಕ್ಕೆ ವಹಿಸಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. ಕೀನ್ಯಾ 2013ರಿಂದ ಸರ್ಕಾರದ ಅಬಕಾರಿ ಸ್ಟ್ಯಾಂಪಿನ ವ್ಯವಸ್ಥೆ ನಡೆಸುತ್ತಿದೆ, ಅಲ್ಲಿ ಗಿರಾಕಿಯೂ ಫೋನಿನಲ್ಲಿ ಸ್ಟ್ಯಾಂಪ್ ಪರೀಕ್ಷಿಸಬಹುದು. ಐರೋಪ್ಯ ಒಕ್ಕೂಟ 2019ರ ಮೇ 20ರಿಂದ ಸಿಗರೇಟಿಗೆ ಕೋಡ್ ಕಡ್ಡಾಯ ಮಾಡಿತು. ನಮ್ಮಲ್ಲಿ 2025ರ ಹಣಕಾಸು ಕಾಯ್ದೆ ಜಿಎಸ್‌ಟಿ ಕಾನೂನಿಗೆ 148ಎ ಕಲಮು ಸೇರಿಸಿ, ಸರ್ಕಾರ ಸೂಚಿಸುವ ವಸ್ತುಗಳಿಗೆ ವಿಶಿಷ್ಟ ಗುರುತು ಹಾಕಿಸುವ ಅಧಿಕಾರ ಕೊಟ್ಟಿದೆ. ತಪ್ಪಿದರೆ ₹1 ಲಕ್ಷ ಅಥವಾ ತೆರಿಗೆಯ ಶೇ 10, ಯಾವುದು ಹೆಚ್ಚೋ ಅದು ದಂಡ.

ಪ್ರಶ್ನೆ: ಪಿಯು ವಿದ್ಯಾರ್ಥಿಗಳ ಬ್ಯಾಗಿನಲ್ಲಿ ಪೆನ್ನಿನಂಥ, ಪೆನ್‌ಡ್ರೈವ್‌ನಂಥ ವಸ್ತು ಸಿಗುತ್ತಿವೆ. 'ಇದರಲ್ಲಿ ನಿಕೋಟಿನ್ ಇಲ್ಲ ಸಾರ್, ಬರೀ ಫ್ಲೇವರ್' ಅನ್ನುತ್ತಾರೆ. ಏನು ಮಾಡಬೇಕು?
– ಉಪನ್ಯಾಸಕರು, ಹುಬ್ಬಳ್ಳಿ

ಉತ್ತರ: ನಿಕೋಟಿನ್ ಇರಲಿ ಬಿಡಲಿ, ನಿಷೇಧ ನಿಷೇಧವೇ. 2019ರ ಇ-ಸಿಗರೇಟು ನಿಷೇಧ ಕಾಯ್ದೆಯ ವ್ಯಾಖ್ಯೆಯಲ್ಲೇ 'ನಿಕೋಟಿನ್ ಅಥವಾ ಸುವಾಸನೆ ಇದ್ದರೂ ಇಲ್ಲದಿದ್ದರೂ' ಎಂಬ ಅರ್ಥದ ಮಾತಿದೆ. ಬಿಸಿಮಾಡಿ ಆವಿ ಎಳೆಯುವ ಸಾಧನ, ತಂಬಾಕನ್ನು ಸುಡದೆ ಕಾಯಿಸುವ ಸಾಧನ, ಇ-ಹುಕ್ಕಾ ಎಲ್ಲ ಅದರೊಳಗೆ ಬರುತ್ತವೆ. ಕರ್ನಾಟಕ ಇದಕ್ಕೂ ಮೊದಲು, 2016ರಲ್ಲೇ, ಇ-ಸಿಗರೇಟು ಮಾರಾಟ ನಿಷೇಧಿಸಿತ್ತು.

ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ₹1 ಲಕ್ಷದವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು ಮತ್ತು ₹5 ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ ₹50,000ದವರೆಗೆ ದಂಡ ಅಥವಾ ಎರಡೂ. ಹತ್ತು ತರಿಸಿ ಗೆಳೆಯರಿಗೆ ಮಾರುವ ಹುಡುಗನೂ ಕಾನೂನಿನ ಕಣ್ಣಲ್ಲಿ ಮಾರಾಟಗಾರನೇ, ಇದನ್ನು ತರಗತಿಯಲ್ಲಿ ಬಿಡಿಸಿ ಹೇಳಿ.

ಸಾಧನದ ಮೇಲೆ ಶೇ 5 ಎಂದು ಬರೆದಿದ್ದರೆ ಮಿಲಿ ಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್ ಎಂದರ್ಥ. ವೇಪ್ ಮಾರಾಟಕ್ಕೆ ಅವಕಾಶವಿರುವ ಐರೋಪ್ಯ ಒಕ್ಕೂಟದಲ್ಲೇ ಮಿತಿ 20 ಮಿಲಿಗ್ರಾಂ. ಇಲ್ಲಿಗೆ ಬರುವುದು ಯಾವ ದೇಶದ ತಪಾಸಣೆಗೂ ಒಳಪಡದ ಮಾಲು, ಆದ್ದರಿಂದ 'ಇಲ್ಲ' ಎಂಬ ಬರಹವನ್ನೂ ನಂಬಬೇಡಿ.

ಸಿಕ್ಕಿದ ಸಾಧನವನ್ನು ಸಿಬ್ಬಂದಿ ಕೊಠಡಿಯ ಬೀರುವಿನಲ್ಲಿ ರಾಶಿ ಹಾಕಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಒತ್ತಿದರೆ, ಬಿಸಿಲಿಗೆ ಬಿದ್ದರೆ ಹೊತ್ತಿಕೊಳ್ಳಬಹುದು. ದ್ರವ ಸೋರಿ ಚರ್ಮಕ್ಕೆ ತಾಗಿದರೆ ನಿಕೋಟಿನ್ ಒಳಗಿಳಿಯುತ್ತದೆ, ಕೈಗವಸು ಹಾಕಿ ಹಿಡಿಯಿರಿ. ಸಿಕ್ಕ ದಿನ, ಜಾಗ, ಮೇಲಿನ ಬರಹ ಬರೆದು, ಪ್ರಾಂಶುಪಾಲರ ಸಹಿಯೊಂದಿಗೆ ಠಾಣೆಗೆ ಕೊಡಿ. ಮಗುವಿನ ಹೆಸರನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಪೊಲೀಸರಿಗೆ ಬೇಕಾದ್ದು ಯಾರಿಂದ ಕೊಂಡ ಎಂಬ ಮಾಹಿತಿ: ಯಾವ ಖಾತೆ, ಯಾವ ಕೊರಿಯರ್, ಯಾರಿಗೆ ಹಣ ಹೋಯಿತು. ಮಗುವನ್ನು ಅಪರಾಧಿಯಂತೆ ಕೂರಿಸಿದರೆ ಆ ಮಾಹಿತಿ ಹೊರಬರುವುದಿಲ್ಲ.

ಪ್ರಶ್ನೆ: ತಮ್ಮ ದುಬೈನಿಂದ ಬರುತ್ತಿದ್ದಾನೆ. ಎರಡು ಕಾರ್ಟನ್ ಸಿಗರೇಟು, ತನಗೆಂದು ಒಂದು ವೇಪ್ ತರುತ್ತಾನಂತೆ. ತೊಂದರೆ ಇದೆಯೇ?
– ಓದುಗರು, ಉಡುಪಿ

ಉತ್ತರ: ಇದೆ. ಸುಂಕವಿಲ್ಲದೆ ತರಬಹುದಾದದ್ದು 100 ಸಿಗರೇಟು, ಅಥವಾ 25 ಸಿಗಾರ್, ಅಥವಾ 125 ಗ್ರಾಂ ತಂಬಾಕು. ಎರಡು ಕಾರ್ಟನ್ ಅಂದರೆ 400. ಮಿಕ್ಕಿದ್ದನ್ನು ವಿಮಾನ ನಿಲ್ದಾಣದ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ಘೋಷಿಸಬೇಕು. ಹಸಿರು ದಾರಿಯಲ್ಲಿ ನಡೆದರೆ ಮಾಲು ಮುಟ್ಟುಗೋಲು, ಮೇಲೆ ದಂಡ. 'ಊರಿನ ಅಂಗಡಿಯವರಿಗೆ ಕೊಟ್ಟರೆ ಟಿಕೆಟ್ ಖರ್ಚು ಬರುತ್ತದೆ' ಎಂದು ಯಾರಾದರೂ ಬ್ಯಾಗು ಕೊಟ್ಟರೆ ಮುಟ್ಟಲೇಬೇಡಿ ಎಂದು ತಮ್ಮನಿಗೆ ಹೇಳಿ. ಊರಿಗೆ ಬರುವ ಹುಡುಗರ ಕೈಲಿ ಹತ್ತು ಹತ್ತು ಕಾರ್ಟನ್ ಹೊರಿಸುವುದು ಕಳ್ಳಸಾಗಣೆಯ ಹಳೆಯ ದಾರಿ. ಸಿಕ್ಕಿಬೀಳುವುದು ಹೊತ್ತವನು.

ವೇಪ್ ಒಂದಾದರೂ ತರುವಂತಿಲ್ಲ. ಆಮದೇ ನಿಷೇಧ, ಸ್ವಂತಕ್ಕೆ ಎಂಬ ವಿನಾಯಿತಿ ಕಾಯ್ದೆಯಲ್ಲಿಲ್ಲ.

ಪ್ರಶ್ನೆ: ಗುಟ್ಕಾ ನಿಷೇಧವಾಗಿ ಇಷ್ಟು ವರ್ಷವಾದರೂ ಎಲ್ಲೆಡೆ ಸಿಗುತ್ತಿದೆಯಲ್ಲ? ಹೇಗೆ?
– ಗ್ರಾಮ ಪಂಚಾಯಿತಿ ಸದಸ್ಯರು, ಕಲಬುರಗಿ ಜಿಲ್ಲೆ

ಉತ್ತರ: ಕರ್ನಾಟಕದಲ್ಲಿ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾಯಿತು. ಅದರ ಬುಡ 2011ರ ಆಹಾರ ಸುರಕ್ಷತೆ ನಿಯಮ: ಯಾವ ಆಹಾರದಲ್ಲೂ ತಂಬಾಕು, ನಿಕೋಟಿನ್ ಬೆರೆಸಕೂಡದು. ತಯಾರಕರು ಕಂಡುಕೊಂಡ ಸಂದು ಜೋಡಿ ಚೀಟಿ (ಸ್ಯಾಷೆ). ಪಾನ್ ಮಸಾಲಾ ಒಂದು ಚೀಟಿ, ಜರ್ದಾ (ಸುವಾಸನೆಯ ತಂಬಾಕು) ಇನ್ನೊಂದು. ಅಂಗಡಿಯವ ಎರಡನ್ನೂ ಒಟ್ಟಿಗೆ ಕೊಡುತ್ತಾನೆ, ತಿನ್ನುವವ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಆದೇಶಿಸಿತು. ಆದರೂ ಗೂಡಂಗಡಿಯ ಮುಂದೆ ಜೋಡಿ ಮಾಲೆಗಳು ಹಾಗೇ ನೇತಾಡುತ್ತಿವೆ.

ಪಂಚಾಯಿತಿ ನೋಡಬಹುದಾದ್ದು ಮೂರು. ಚೀಟಿ ಪ್ಲಾಸ್ಟಿಕ್‌ನದ್ದೇ? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಗುಟ್ಕಾ, ತಂಬಾಕು, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಕಟ್ಟುವುದನ್ನೇ ನಿಷೇಧಿಸಿದೆ. ಪಾನ್ ಮಸಾಲಾ ಚೀಟಿಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯೇ? ಎಂಆರ್‌ಪಿ ಇದೆಯೇ? 2026ರ ಫೆಬ್ರುವರಿಯಿಂದ ಎಷ್ಟೇ ಚಿಕ್ಕ ಪಾನ್ ಮಸಾಲಾ ಚೀಟಿಗೂ ಎಂಆರ್‌ಪಿ ಕಡ್ಡಾಯ. ಈ ಮೂರರಲ್ಲಿ ಯಾವುದು ತಪ್ಪಿದ್ದರೂ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಫೋಟೊ ಸಮೇತ ಬರೆಯಿರಿ.

ಬೇರು ಇರುವುದು ಪ್ಯಾಕಿಂಗ್ ಯಂತ್ರದಲ್ಲಿ. ಒಂದು ಕೋಣೆ, ವಿದ್ಯುತ್ತು, ಸೆಕೆಂಡ್‌ಹ್ಯಾಂಡ್ ಯಂತ್ರ ಇದ್ದರೆ ರಾತ್ರಿ ಬೆಳಗಾಗುವುದರೊಳಗೆ ಸಾವಿರಾರು ಚೀಟಿ ಹೊರಬರುತ್ತವೆ. ಅದಕ್ಕೇ ಯಂತ್ರಗಳ ನೋಂದಣಿ ಕಡ್ಡಾಯವಾಯಿತು, ನೋಂದಾಯಿಸದ ಪ್ರತಿ ಯಂತ್ರಕ್ಕೆ ₹1 ಲಕ್ಷ ದಂಡ. ಜಗಿಯುವ ತಂಬಾಕು, ಜರ್ದಾ, ಗುಟ್ಕಾದ ಮೇಲೆ ಈಗ ಸುಂಕ ಕಟ್ಟುವುದು ಎಷ್ಟು ಮಾರಿದರು ಎಂಬುದರ ಮೇಲಲ್ಲ, ಯಂತ್ರದ ಸಾಮರ್ಥ್ಯದ ಮೇಲೆ. ನಿಮ್ಮ ಊರಿನ ಹಳೆಯ ಗೋದಾಮಿನಲ್ಲಿ ರಾತ್ರಿ ಮಾತ್ರ ಯಂತ್ರದ ಸದ್ದು, ಸುಗಂಧದ ಘಾಟು, ಸುತ್ತಿದ ಪ್ಯಾಕಿಂಗ್ ರೋಲುಗಳ ಓಡಾಟ ಕಂಡರೆ ವಾಣಿಜ್ಯ ತೆರಿಗೆ ಇಲಾಖೆಗೆ ತಿಳಿಸಿ. ನೀವೇ ಒಳಗೆ ನುಗ್ಗಬೇಡಿ.

ಪ್ರಶ್ನೆ: ಹಿಡಿದ ಪ್ರಕರಣಗಳು ಕೋರ್ಟಿನಲ್ಲಿ ಬಿದ್ದುಹೋಗುತ್ತಿವೆ. ಜಪ್ತಿ ಮಾಡುವಾಗ ಏನು ತಪ್ಪುತ್ತಿದೆ?
– ಪಿಎಸ್‌ಐ, ಹೆಸರು ಬೇಡವೆಂದಿದ್ದಾರೆ

ಉತ್ತರ: ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಬರೆಯುವ ಜಪ್ತಿಯ ದಾಖಲೆಯಲ್ಲಿ ತಪ್ಪುತ್ತದೆ. 'ಸುಮಾರು 200 ಪ್ಯಾಕು ಫಾರಿನ್ ಸಿಗರೇಟು' ಎಂದು ಬರೆದರೆ ಆರೋಪಿಯ ವಕೀಲರಿಗೆ ಅಷ್ಟೇ ಸಾಕು. ಬ್ರ್ಯಾಂಡುವಾರು ಎಣಿಸಿ: ಬ್ರ್ಯಾಂಡ್, ಪ್ಯಾಕಿನಲ್ಲಿ ಎಷ್ಟು ಸಿಗರೇಟು, ಎಷ್ಟು ಪ್ಯಾಕು, ಬ್ಯಾಚ್ ಸಂಖ್ಯೆ ಏನು, ಎಚ್ಚರಿಕೆ ಚಿತ್ರ ಇದೆಯೇ ಇಲ್ಲವೇ, ಎಂಆರ್‌ಪಿ, ಆಮದುದಾರರ ವಿಳಾಸ ಇದೆಯೇ ಇಲ್ಲವೇ. ಇಲ್ಲ ಎಂಬುದನ್ನೂ ಬರೆಯಬೇಕು, ಅಪರಾಧ ಇರುವುದೇ ಆ 'ಇಲ್ಲ'ದಲ್ಲಿ. ಪ್ರತಿ ಬ್ರ್ಯಾಂಡಿನಿಂದ ಮೂಲ ಹೊದಿಕೆ ಬಿಚ್ಚದ ಮಾದರಿ ಬೇರೆ ಮಾಡಿ, ಪಂಚರ (ಸ್ಥಳದ ಸಾಕ್ಷಿಗಳ) ಸಹಿಯೊಂದಿಗೆ ಅರಗಿನ ಮುದ್ರೆ ಹಾಕಿ. ಮುದ್ರೆಯ ನಮೂನೆಯನ್ನು ಮಹಜರಿನ ಮೇಲೂ ಒತ್ತಿ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆ, ಜಪ್ತಿಯ ವಿಡಿಯೊ ಕಡ್ಡಾಯ. ಅರ್ಧದಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರುಮಾಡಿದರೆ ಆ ಸಂದಿನಲ್ಲೇ ಪ್ರಕರಣ ಸೋರುತ್ತದೆ. ಫೋನಿನ ಸಂದೇಶ, ಪಾವತಿಯ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲ ಎಂದು ತೋರಿಸುವ ಸಂಕೇತ) ನಮೂದಾಗಿರಬೇಕು. ಕೋಟ್ಪಾ ಅಡಿ ಜಪ್ತಿ ಮಾಡಿದ ಮಾಲನ್ನು ಜಿಲ್ಲಾ ನ್ಯಾಯಾಧೀಶರ ಒಪ್ಪಿಗೆ ಇಲ್ಲದೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಈ ಗಡುವು ಮರೆತೇ ಎಷ್ಟೋ ಮಾಲು ವಾಪಸು ಹೋಗುತ್ತದೆ. ವೇಪ್ ಆದರೆ 2019ರ ಕಾಯ್ದೆಯ 4ನೇ ಕಲಮಿನ ಅಪರಾಧ ಸಂಜ್ಞೇಯ, ನೇರ ಎಫ್‌ಐಆರ್ ಮಾಡಬಹುದು.

ಲಾರಿಯಲ್ಲಿ ಹಿಡಿದರೆ ಮೊದಲು ಕೈಹಾಕಬೇಕಾದ್ದು ಕಾಗದಕ್ಕೆ. ₹50,000 ಮೀರಿದ ಮಾಲಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಇರಬೇಕು. ಅದರಲ್ಲಿ ಬರೆದ ವಸ್ತು, ತೂಕ, ವಾಹನ ಸಂಖ್ಯೆ, ಹೊರಟ ಜಾಗ ಎಲ್ಲವನ್ನೂ ಎದುರಿಗಿರುವ ಮಾಲಿನೊಂದಿಗೆ ತಾಳೆ ನೋಡಿ. ವಿದೇಶಿ ಮಾಲಾದರೆ ಆ ದಿನವೇ ಕಸ್ಟಮ್ಸ್ ಅಥವಾ ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ (ಡಿಆರ್‌ಐ) ಬರಹದಲ್ಲಿ ತಿಳಿಸಿ. ಚಾಲಕನನ್ನು ಹಿಡಿದು ಕೈತೊಳೆದುಕೊಂಡ ಪ್ರಕರಣದಲ್ಲಿ ಮುಂದಿನ ವಾರ ಬೇರೆ ಚಾಲಕ ಬರುತ್ತಾನೆ, ಮಾಲೀಕ ಅವನೇ ಇರುತ್ತಾನೆ. ಹಣ ಯಾರ ಖಾತೆಯಿಂದ ಯಾರಿಗೆ ಹೋಯಿತು ಎಂದು ಹತ್ತಿ ಹೋಗದ ತನಿಖೆಯನ್ನು ತನಿಖೆ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ನಮ್ಮ ಬ್ರ್ಯಾಂಡಿನ ಲೇಬಲ್ ನಕಲು ಮಾಡಿ ಯಾರೋ ಬೀಡಿ ಮಾರುತ್ತಿದ್ದಾರೆ. ಪೊಲೀಸರು ನೇರ ಜಪ್ತಿ ಮಾಡಬಹುದೇ?
– ಬೀಡಿ ಗುತ್ತಿಗೆದಾರರು, ಮಂಗಳೂರು

ಉತ್ತರ: ಮಾಡಬಹುದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 115ನೇ ಕಲಮಿನಂತೆ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು. ಆದರೆ ಅದಕ್ಕೆ ಮೊದಲು ಟ್ರೇಡ್ ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ನಿಮ್ಮ ನೋಂದಣಿ ಪ್ರಮಾಣಪತ್ರ, ಅಸಲಿ ಕಟ್ಟು, ನಕಲಿ ಕಟ್ಟು, ನಕಲಿ ಕೊಂಡ ಅಂಗಡಿಯ ಬಿಲ್ ಜೊತೆಗಿಟ್ಟು ದೂರು ಕೊಡಿ. ಲೇಬಲ್ಲಿನ ನೋಂದಣಿ ನವೀಕರಣವಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಕಳ್ಳ ಸಿಗರೇಟು ಅಸಲಿಗಿಂತ ಹೆಚ್ಚು ವಿಷವೇ?
– ಓದುಗರು, ಮೈಸೂರು

ಉತ್ತರ: ಕೆಲವು ನಕಲಿ ಸಿಗರೇಟುಗಳಲ್ಲಿ ಕ್ಯಾಡ್ಮಿಯಂ, ಸೀಸದಂಥ ಲೋಹಗಳು ಹೆಚ್ಚಿದ್ದದ್ದು ವಿದೇಶಗಳ ಪರೀಕ್ಷೆಗಳಲ್ಲಿ ಕಂಡಿದೆ. ಹಾಗೆಂದು ಅಸಲಿ ವಾಸಿ ಎಂದುಕೊಳ್ಳಬೇಡಿ. ಬಿಡದೆ ಸೇದುವವರಲ್ಲಿ ಅರ್ಧದಷ್ಟು ಜನರನ್ನು ತಂಬಾಕು ಕೊಲ್ಲುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅದು ತೆರಿಗೆ ಕಟ್ಟಿದ ಸಿಗರೇಟಿಗೂ ಅನ್ವಯ. ಕಳ್ಳಮಾಲಿನ ನಿಜವಾದ ಹಾನಿ ಅದರ ಅಗ್ಗದಲ್ಲಿದೆ. ಬೆಲೆ ಏರಿದಾಗ ಬಿಡಬೇಕೆಂದಿದ್ದವರು ಬಿಡುವುದಿಲ್ಲ, ಕೈಯಲ್ಲಿ ಕಾಸಿಲ್ಲದ ಹುಡುಗರು ಶುರುಮಾಡುತ್ತಾರೆ.

ಪ್ರಶ್ನೆ: ಬಿಡಬೇಕೆಂದಿದ್ದೇನೆ. ನಿಕೋಟಿನ್ ಗಮ್ ಕೂಡ ಅಕ್ರಮವೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಔಷಧ ಕಾಯ್ದೆಯಡಿ ಪರವಾನಗಿ ಪಡೆದ ಗಮ್ ಇ-ಸಿಗರೇಟು ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ, 2 ಮಿಲಿಗ್ರಾಂನದು ವೈದ್ಯರ ಚೀಟಿಯಿಲ್ಲದೆಯೂ ಸಿಗುತ್ತದೆ. ಮಾಮೂಲಿ ಚೂಯಿಂಗ್ ಗಮ್ ಹಾಗೆ ಜಗಿದು ನುಂಗಬೇಡಿ, ಗಂಟಲು ಉರಿದು ಬಿಕ್ಕಳಿಕೆ ಬರುತ್ತದೆ. ನಿಧಾನವಾಗಿ ಜಗಿದು, ಖಾರ ಅಥವಾ ಚುರುಚುರು ಬಂದಾಗ ನಿಲ್ಲಿಸಿ ಕೆನ್ನೆ-ವಸಡಿನ ನಡುವೆ ಇಟ್ಟುಕೊಳ್ಳಿ, ರುಚಿ ಹೋದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಹುಳಿ ಹಣ್ಣಿನ ರಸ ಬೇಡ. ಹೃದಯದ ತೊಂದರೆ ಇದ್ದವರು, ಬಸುರಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. 1800-11-2356ಕ್ಕೆ ಕರೆ ಮಾಡಿದರೆ ಹಣ ಖರ್ಚಿಲ್ಲ, ಬಿಡುವ ದಿನಾಂಕ ಗೊತ್ತುಮಾಡಿಕೊಳ್ಳುವುದರಿಂದ ಹಿಡಿದು ಮುಂದಿನ ವಾರಗಳವರೆಗೆ ಜೊತೆಗಿದ್ದು ಹೇಳಿಕೊಡುತ್ತಾರೆ.